ಬಾಗುಗೆರೆಗೆ ಮೊದಲು ಅಂಕಿ, ಆಮೇಲೆ ಮೌಸ್

ಇಂಕ್‌ಸ್ಕೇಪ್‌ನಂಥ ಚಿತ್ರ ಬಿಡಿಸುವ ತಂತ್ರಾಂಶ ಕಲಿಯಲು ಕೂತವರು ಸಾಮಾನ್ಯವಾಗಿ ಪೆನ್ ಟೂಲ್ ಹಿಡಿದು ಗೆರೆ ಬಾಗಿಸುವುದರಿಂದಲೇ ಶುರು ಮಾಡುತ್ತಾರೆ. ಇಂಥ ತಂತ್ರಾಂಶದಲ್ಲಿ ಕೆಲಸ ಮಾಡುತ್ತಾ ನನಗೆ ಮನದಟ್ಟಾಗಿರುವುದು ಇದಕ್ಕೆ ತಿರುಗುಮುರುಗಾದ ಪಾಠ: ವೃತ್ತ, ಕಂಸಗಳಂಥ ಮೂಲ ಆಕೃತಿಗಳನ್ನು ಮೊದಲು ಕೋಡ್ ಬರೆದು ಮೂಡಿಸಬೇಕು, ಮೌಸ್ ಆಮೇಲೆ. ಪರದೆಯ ಮೇಲೆ ಕಾಣುವ ಎಂಥ ಬಾಗನ್ನೂ ಕಂಪ್ಯೂಟರು ಕೆಲವೇ ಅಂಕಿಗಳಾಗಿ ಉಳಿಸಿಕೊಳ್ಳುತ್ತದೆ. ಆ ಅಂಕಿಗಳ ಪರಿಚಯವಿದ್ದವರಿಗೆ ಗೆರೆ ಹೇಳಿದಂತೆ ಕೇಳುತ್ತದೆ. ಇಲ್ಲದವರು ಅಂದಾಜಿನ ಮೇಲೆ ಎಳೆದಾಡುತ್ತಲೇ ಇರಬೇಕಾಗುತ್ತದೆ. ಇದಕ್ಕೆ ದೊಡ್ಡ ಸಿದ್ಧತೆಯೇನೂ ಬೇಡ. ಇಂಕ್‌ಸ್ಕೇಪ್ ಬಳಸುವ ಎಸ್‌ವಿಜಿ ಕಡತ ಬರೀ ಪಠ್ಯ. 2001ರಲ್ಲೇ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿ ಅದನ್ನು ಮಾನಕವಾಗಿ ಒಪ್ಪಿದೆ. ಕಂಟ್ರೋಲ್, ಶಿಫ್ಟ್, ಎಕ್ಸ್ ಒಟ್ಟಿಗೆ ಒತ್ತಿದರೆ ಆ ಪಠ್ಯವನ್ನು ತೋರಿಸುವ ಎಕ್ಸ್‌ಎಂಎಲ್ ಎಡಿಟರ್ ತೆರೆಯುತ್ತದೆ. ಅಲ್ಲಿ ಅಂಕಿ ತಿದ್ದಿದರೆ ಚಿತ್ರವೂ ತಿದ್ದಿಕೊಳ್ಳುತ್ತದೆ.

ಎಸ್‌ವಿಜಿಯಲ್ಲಿ ಕಂಸ ಎಳೆಯುವ ‘ಎ’ ಆಜ್ಞೆಯನ್ನೇ ತೆಗೆದುಕೊಳ್ಳಿ. ತ್ರಿಜ್ಯ ಮತ್ತು ಎರಡು ತುದಿಗಳನ್ನು ಕೊಟ್ಟ ಮೇಲೂ ಅದು 0 ಅಥವಾ 1 ಎಂಬ ಎರಡು ಗುರುತುಗಳನ್ನು ಕೇಳುತ್ತದೆ. ಇದು ಸುಮ್ಮನೆ ಹೇರಿದ ತೊಡಕಲ್ಲ. ಎರಡು ಬಿಂದುಗಳ ಮೂಲಕ ಒಂದೇ ತ್ರಿಜ್ಯದ ಎರಡು ವೃತ್ತಗಳು ಹಾದುಹೋಗಬಲ್ಲವು. ಪ್ರತಿ ವೃತ್ತದಲ್ಲೂ ಒಂದು ದೊಡ್ಡ ಕಂಸ, ಒಂದು ಚಿಕ್ಕ ಕಂಸ. ಆ ನಾಲ್ಕರಲ್ಲಿ ಯಾವುದು ಬೇಕೆಂದು ಹೇಳಲು ಎರಡು ಗುರುತುಗಳು ಬೇಕೇ ಬೇಕು. ಒಂದೇ ಕಂಸದಲ್ಲಿ ಪೂರ್ಣ ವೃತ್ತ ಮುಗಿಸಲಾಗದ ಕಾರಣವೂ ಇಲ್ಲೇ ಇದೆ. ಹೊರಟಲ್ಲಿಗೇ ಬಂದು ನಿಂತರೆ ಯಾವ ವೃತ್ತವೆಂದು ತಿಳಿಯಲು ದಾರಿಯಿಲ್ಲ. ಹಾಗಾಗಿ ಅಂಥ ಕಂಸವನ್ನು ಎಸ್‌ವಿಜಿ ಬಿಟ್ಟೇಬಿಡುತ್ತದೆ. ಎರಡು ಅರ್ಧವೃತ್ತ ಬರೆದರೆ ಕೆಲಸ ಆಗುತ್ತದೆ. ಹೈಸ್ಕೂಲಿನ ರೇಖಾಗಣಿತ ಇಷ್ಟು ನೇರವಾಗಿ ಕೈಗೆ ಸಿಗುವುದು ಮೌಸ್ ಎಳೆತದಲ್ಲಿ ಸಾಧ್ಯವಿಲ್ಲ.

ಬೆಜಿಯೆ ರೇಖೆಯ ವಿಷಯದಲ್ಲಿ ಈ ಮಾತು ಇನ್ನೂ ನಿಜ. ಫ್ರಾನ್ಸಿನ ಕಾರು ಕಂಪನಿಗಳಲ್ಲಿ, ರೆನೊದಲ್ಲಿ ಪಿಯರ್ ಬೆಜಿಯೆ, ಸಿಟ್ರೊಯೆನ್‌ನಲ್ಲಿ ಪಾಲ್ ದ ಕಾಸ್ಟೆಲ್ಜೊ, ಕಾರಿನ ಮೈಯ ಬಾಗುಗಳನ್ನು ಅಂಕಿಗಳಲ್ಲಿ ಹಿಡಿಯಲು ರೂಪಿಸಿದ ವಿಧಾನ ಇದು. ಎರಡು ತುದಿ, ನಡುವೆ ಗೆರೆಯನ್ನು ತಮ್ಮತ್ತ ಸೆಳೆಯುವ ಎರಡು ಕಂಟ್ರೋಲ್ ಪಾಯಿಂಟ್. ಕೇಂದ್ರ (200, 200), ತ್ರಿಜ್ಯ 100 ಇರುವ ವೃತ್ತದ ಕಾಲು ಭಾಗ ಬೇಕೆನ್ನಿ. (300, 200)ರಿಂದ ಹೊರಟು, (300, 255.23) ಮತ್ತು (255.23, 300) ಎಂಬ ಕಂಟ್ರೋಲ್ ಪಾಯಿಂಟ್ ಕೊಟ್ಟು, (200, 300)ರಲ್ಲಿ ನಿಲ್ಲಿಸಿ. ರೇಖೆಯ ನಡುಬಿಂದುವನ್ನು ಲೆಕ್ಕ ಹಾಕಿದರೆ (270.71, 270.71) ಬರುತ್ತದೆ, ಕೇಂದ್ರದಿಂದ ಅದರ ದೂರ ಸರಿಯಾಗಿ 100. ತುದಿಗಳಲ್ಲೂ ನಡುವಿನಲ್ಲೂ ರೇಖೆ ವೃತ್ತದ ಮೇಲೇ ಇದೆ. ಉಳಿದೆಡೆ ಹೊರಕ್ಕೆ ಉಬ್ಬುವುದು ಹೆಚ್ಚೆಂದರೆ 0.027ರಷ್ಟು. ಟ್ರೂಟೈಪ್ ಫಾಂಟುಗಳಲ್ಲಿರುವಂತೆ ಒಂದೇ ಕಂಟ್ರೋಲ್ ಪಾಯಿಂಟ್ ಇಟ್ಟು, ಅದನ್ನು (300, 300)ರ ಮೂಲೆಗೆ ಕೂರಿಸಿದರೆ ನಡುಬಿಂದು ಕೇಂದ್ರದಿಂದ 106ರಾಚೆ ಹೋಗುತ್ತದೆ. ನೂರಕ್ಕೆ ಆರರಷ್ಟಿರುವ ಈ ಉಬ್ಬು ಬರಿಗಣ್ಣಿಗೇ ಕಾಣುತ್ತದೆ. ಅಂಥ ಫಾಂಟಿನಲ್ಲಿ ವೃತ್ತಕ್ಕೆ ನಾಲ್ಕು ತುಂಡು ಯಾಕೆ ಸಾಲದು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ವೃತ್ತದ ಟೂಲ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳಬಹುದು. ಒಂದು ವೃತ್ತವಷ್ಟೇ ಬೇಕಿದ್ದರೆ ಖಂಡಿತ ಟೂಲ್ ಸಾಕು. ಆದರೆ ಅದನ್ನು ಪಾಥ್ ಆಗಿ ಬದಲಿಸಿದ ಕೂಡಲೇ ಮೇಲೆ ಹೇಳಿದಂಥ ನಾಲ್ಕು ಕಾಲುಭಾಗಗಳು ಕೂಡುವ ನಾಲ್ಕು ಬಿಂದುಗಳು, ಅಂದರೆ ನೋಡ್‌ಗಳು, ಎದುರು ನಿಲ್ಲುತ್ತವೆ, ಮತ್ತು ನಿಜವಾದ ವಿನ್ಯಾಸ ಶುರುವಾಗುವುದೇ ಅಲ್ಲಿಂದ. ನೋಡ್‌ನಿಂದ ಕಂಟ್ರೋಲ್ ಪಾಯಿಂಟ್‌ವರೆಗಿನ ಹ್ಯಾಂಡಲ್ ಎಷ್ಟು ಉದ್ದ ಇರಬೇಕೆಂದು ತಿಳಿದವರಿಗೆ ಅದು ಆತಂಕದ ಜಾಗವಲ್ಲ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಂಭೀರವಾದದ್ದು: ಅಂಕಿಯಿಂದ ಹುಟ್ಟಿದ ಗೆರೆಗೆ ಕೈಯ ಜೀವಂತಿಕೆ ಇರುವುದಿಲ್ಲ, ಎಲ್ಲವೂ ಯಂತ್ರದ ಅಚ್ಚಾಗುತ್ತದೆ ಎಂಬುದು. ನಾನು ಇದನ್ನು ಒಪ್ಪುವುದಿಲ್ಲ. ಮೇಲಿನ ಕಾಲುವೃತ್ತದ ಹ್ಯಾಂಡಲ್ ಉದ್ದವಾದ 55.23ರ ಜಾಗದಲ್ಲಿ 70 ಎಂದು ಬರೆಯಿರಿ, ದುಂಡು ತುಂಬಿಕೊಂಡು ಚೌಕದತ್ತ ವಾಲುತ್ತದೆ; 40 ಎಂದರೆ ಸೊರಗಿ ವಜ್ರದ ಆಕಾರಕ್ಕೆ ಹತ್ತಿರವಾಗುತ್ತದೆ. ಯಾವುದು ಚೆಂದ ಎಂದು ತೀರ್ಮಾನಿಸುವುದು ಕಣ್ಣೇ. ಅಂಕಿ ಆ ತೀರ್ಮಾನವನ್ನು ನೆನಪಿಡುತ್ತದೆ, ಮತ್ತೆ ಬೇಕೆಂದಾಗ ಕದಲದೆ ಕೊಡುತ್ತದೆ. ಕನ್ನಡದ ಅಕ್ಷರಗಳಿಗೆ ಇದು ತೀರಾ ಅಗತ್ಯ, ಯಾಕೆಂದರೆ ನಮ್ಮ ಲಿಪಿಯ ತುಂಬ ದುಂಡುಗಳೇ. ಅನುಸ್ವಾರದ ಸೊನ್ನೆ ಎಂದರೆ ಒಂದರೊಳಗೊಂದು ಎರಡು ವೃತ್ತ. ಎರಡನ್ನೂ ಒಂದೇ ದಿಕ್ಕಿಗೆ ಸುತ್ತಿಸಿ ಬರೆದರೆ, ಎಸ್‌ವಿಜಿಯ ಸಹಜ ನಿಯಮದಂತೆ ಒಳಗೂ ಬಣ್ಣ ತುಂಬಿ ಸೊನ್ನೆ ಕಪ್ಪು ಚುಕ್ಕೆಯಾಗುತ್ತದೆ. ಒಳಗಿನದನ್ನು ಎದುರು ದಿಕ್ಕಿಗೆ ಸುತ್ತಿಸಿದರೆ ತೂತು ತೆರೆದುಕೊಳ್ಳುತ್ತದೆ. ಗೆರೆಗೆ ಆಕಾರದ ಜೊತೆ ದಿಕ್ಕೂ ಇದೆ ಎಂಬುದು ಪರದೆ ನೋಡಿದರೆ ಗೊತ್ತಾಗುವುದಿಲ್ಲ, ಕೋಡ್ ಓದಿದರೆ ಗೊತ್ತಾಗುತ್ತದೆ.

ಕೋಡ್‌ನಲ್ಲೇ ಇಡೀ ಚಿತ್ರ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಬಳ್ಳಿ, ಮುಖ, ಕೈಬರಹದ ಓಟಗಳಿಗೆ ಮೌಸ್ ಮತ್ತು ಸ್ಟೈಲಸ್ಸೇ ಸರಿ. ಆದರೆ ಡಿಸೈನ್ ಕಲಿಸುವವರು ಮೊದಲ ಪಾಠದಲ್ಲೇ ಮಕ್ಕಳಿಂದ ಒಂದು ಕಂಸ, ಒಂದು ವೃತ್ತ, ಒಂದು ಸೊನ್ನೆಯನ್ನು ಅಂಕಿಗಳಲ್ಲಿ ಬರೆಸಲಿ. ಇಂಕ್‌ಸ್ಕೇಪ್ ಪುಕ್ಕಟೆ ಸಿಗುತ್ತದೆ, ಬೇಕಾದ ಗಣಿತ ಹೈಸ್ಕೂಲಿನದು. ಮುಂದೆ ಆ ಮಕ್ಕಳು ಫಾಂಟ್ ಮಾಡಲಿ, ಲೋಗೋ ಮಾಡಲಿ, ತಮ್ಮ ಗೆರೆ ಯಾಕೆ ಹಾಗೆ ಬಾಗಿತು ಎಂದು ಹೇಳಬಲ್ಲವರಾಗುತ್ತಾರೆ.