ತಾಮ್ರದ ಕೊಳವೆಯು ತೂತಾಗುವ ಬಗೆ

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ತನ್ನ ಮನೆಯ ತಾಮ್ರದ ನೀರುಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಗೋಡೆಯೆಲ್ಲ ನೆನೆದುದನ್ನು ಬರೆದು, “ತಾಮ್ರವು ಕಬ್ಬಿಣದಂತೆ ಕೆಡುವುದಿಲ್ಲವೆಂದು ತಾವೇ ಕಲಿಸಿದ್ದಿರಲ್ಲವೇ?” ಎಂದು ಕೇಳಿದ್ದಾಳೆ. ಕಲಿಸಿದ್ದುಂಟು. ಆ ಪಾಠವು ಅರ್ಧವಾಗಿತ್ತೆಂದು ಒಪ್ಪಿಕೊಂಡು, ಉಳಿದರ್ಧವನ್ನು ಅವಳಿಗೂ ಅವಳೊಡನೆ ಓದಿದವರಿಗೂ ಇಲ್ಲಿ ತಿಳಿಸುತ್ತೇವೆ.

ಹುಣಿಸೆಹಣ್ಣು ಹಚ್ಚಿ ತಾಮ್ರದ ಕೊಡವನ್ನು ಬೆಳಗುವವರಿಗೆ ಕಿಲುಬೆಂದರೆ ಕೊಳೆ. ಕೊಳವೆಯ ವಿಷಯ ಬೇರೆ. ನೀರಿನಲ್ಲಿ ಕರಗಿರುವ ಆಮ್ಲಜನಕವು ತಾಮ್ರದೊಡನೆ ಕೂಡಿ, ಒಳಮೈಯಲ್ಲಿ ಕಂದುಗೆಂಪು ಬಣ್ಣದ ತೆಳುಪೊರೆಯನ್ನು ಉಂಟುಮಾಡುತ್ತದೆ. ಅದರ ಮೇಲೆ ಮೆಲ್ಲಗೆ ಹಸುರು ಕಿಲುಬು ಕೂಡುತ್ತದೆ. ಈ ಪೊರೆಯು ಎಲ್ಲೆಡೆಯೂ ಸಮನಾಗಿದ್ದರೆ ಲೋಹಕ್ಕೆ ಅದೇ ಕವಚ; ಕೊಳವೆಯು ಹತ್ತಾರು ವರ್ಷ ಬಾಳುತ್ತದೆ. ಪೊರೆಯು ಒಂದೆಡೆ ಗಟ್ಟಿಯಾಗಿದ್ದು ಮತ್ತೊಂದೆಡೆ ಹರಿದಿದ್ದರೆ ಮಾತ್ರ ಕೇಡು.

ಇಂಗ್ಲೆಂಡಿನಲ್ಲಿಯೇ, ಬಾವಿಗಳ ಗಡಸುನೀರು ಹರಿಯುವ ತಣ್ಣೀರಿನ ಕೊಳವೆಗಳು ಕೆಲವೆಡೆ ಅಲ್ಪಕಾಲದಲ್ಲಿಯೇ ತೂತಾಗುತ್ತಿದ್ದವು. ಕ್ಯಾಂಪ್‌ಬೆಲ್ ಎಂಬ ಶೋಧಕರು 1950ರಲ್ಲಿ ಇದರ ಕಾರಣವನ್ನು ಪ್ರಕಟಿಸಿದರು. ಕಾರ್ಖಾನೆಯಲ್ಲಿ ಕೊಳವೆಯನ್ನು ಎಳೆಯುವಾಗ ಸವರಿದ ಎಣ್ಣೆಯು ಒಳಗೆ ಉಳಿದು, ಮುಂದೆ ಕೊಳವೆಯನ್ನು ಕಾಯಿಸಿ ಮೆದುಮಾಡುವಾಗ ಸುಟ್ಟು, ಇಂಗಾಲದ ಪೊರೆಯಾಗುತ್ತಿತ್ತು. ಈ ಪೊರೆಯಲ್ಲಿ ವಿದ್ಯುತ್ತು ಹರಿಯಬಲ್ಲುದು. ಅದರಲ್ಲಿ ಬಿರುಕೊಂದಿದ್ದರೆ, ವಿಶಾಲವಾದ ಪೊರೆಯೂ ಬಿರುಕಿನಲ್ಲಿ ಕಾಣುವ ಎಳ್ಳಿನಷ್ಟು ತಾಮ್ರವೂ ಬ್ಯಾಟರಿಯ ಎರಡು ತುದಿಗಳಂತೆ ವರ್ತಿಸುತ್ತವೆ. ಲೋಹವೆಲ್ಲ ಆ ಒಂದು ಚುಕ್ಕೆಯಲ್ಲಿಯೇ ಕರಗುವುದರಿಂದ ಕುಳಿಯು ಆಳವಾಗುತ್ತ ಹೋಗುತ್ತದೆ. ಸುತ್ತಲ ಗೋಡೆ ಹೊಸದರಂತೆಯೇ ಇರುತ್ತದೆ. ಕುಳಿಯ ಬಾಯಿಗೆ ಹಸುರು ಗಂಟು ಮುಚ್ಚಿಕೊಳ್ಳುವುದರಿಂದ, ಕೊಳವೆಯನ್ನು ಸೀಳಿ ನೋಡಿದರೂ ಕುಳಿಯು ಥಟ್ಟನೆ ಕಾಣದು. ನದಿ, ಕೆರೆಗಳ ನೀರಿನಲ್ಲಿ ಈ ಬಗೆಯ ಕುಳಿ ಅಪರೂಪ. ಆ ನೀರಿನಲ್ಲಿ ಕರಗಿರುವ ಸಸ್ಯಾದಿಗಳ ಅಂಶವೇ ಅದನ್ನು ತಡೆಯುತ್ತದೆ. ತಿಳಿಯಾದ ಬಾವಿನೀರೇ ಇಲ್ಲಿ ಕೇಡಿಗೆ ಅನುಕೂಲವಾದುದು ನಮಗಂತೂ ವಿಸ್ಮಯವೆನಿಸಿತು. ಕೊಳವೆಯ ಒಳಮೈಯನ್ನು ಚೊಕ್ಕಟಮಾಡಿ ಮಾರುವ ಕ್ರಮವು ಅನಂತರ ಬಂದಿತು.

ಬೇರೆ ಕಾರಣಗಳೂ ಉಂಟು: ಬೆಸುಗೆಯ ಮದ್ದು ಒಳಗೆ ಉಳಿಯುವುದು, ತಿರುವುಗಳಲ್ಲಿ ರಭಸದ ನೀರು ಪೊರೆಯನ್ನು ಕಿತ್ತುಕೊಂಡು ಹೋಗುವುದು. ಅವಳ ಮನೆಯಲ್ಲಿ ಆದುದು ಯಾವುದೆಂದು ಕೊಳವೆಯ ತುಂಡನ್ನು ಪರೀಕ್ಷಿಸದೆ ಹೇಳಲಾಗದು.

ಆ ನೀರನ್ನು ಮಗುವಿಗೆ ಕುಡಿಸಬಹುದೇ ಎಂದೂ ಕೇಳಿದ್ದಾಳೆ. ತೂತಿನಿಂದ ಅದನ್ನು ತಿಳಿಯಲಾಗದು. ವಿಶ್ವ ಆರೋಗ್ಯ ಸಂಸ್ಥೆಯು ಲೀಟರಿಗೆ 2 ಮಿಲಿಗ್ರಾಂ ತಾಮ್ರವನ್ನು ಮಿತಿಯೆಂದು ಹೇಳಿದೆ. ಹೆಚ್ಚಾದರೆ ವಾಕರಿಕೆ, ವಾಂತಿ ಉಂಟಾಗಬಹುದು. ಹುಳಿಗುಣದ ನೀರು ತಾಮ್ರವನ್ನು ಹೆಚ್ಚಾಗಿ ಕರಗಿಸುತ್ತದೆ. ನಲ್ಲಿಯ ಕೆಳಗೆ ನೀಲಿಹಸುರು ಕಲೆ ಕಂಡರೆ ನೀರನ್ನು ಪರೀಕ್ಷೆಗೆ ಕಳುಹಿಸಲಿ. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರನ್ನು ಬೆಳಿಗ್ಗೆ ಹೊರಗೆ ಬಿಟ್ಟು, ತಣ್ಣಗಿನ ಹೊಸ ನೀರು ಬಂದ ಮೇಲೆ ಮಗುವಿನ ಲೋಟಕ್ಕೆ ಹಿಡಿಯಲಿ.