ಕಾರ್ಖಾನೆ ಪಕ್ಕದ ಊರಿನ ಕುಡಿಯುವ ನೀರು: ಪರೀಕ್ಷೆಗೆ ಕಳಿಸುವ ಮುನ್ನ

ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುವ ಊರು, ಬಡಾವಣೆಗಳ ನೀರು ಸಮಿತಿಯವರು, ಪಿಡಿಒಗಳು, ನೀರುಗಂಟಿಗಳು ಇದನ್ನು ಪೂರ್ತಿ ಓದಬೇಕು. ಬೆಂಗಳೂರಿನ ಪೀಣ್ಯದಲ್ಲಿ ಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಅಂತರ್ಜಲಕ್ಕೆ ಇಳಿದದ್ದು ದಾಖಲಾಗಿರುವ ಸಂಗತಿ. ಕ್ರೋಮಿಯಂ ತುಂಬ ಹೆಚ್ಚಾದಾಗ ನೀರಿಗೆ ಹಳದಿ ಬಣ್ಣ ಬರುತ್ತದೆ. ಅಷ್ಟು ಹೊತ್ತಿಗೆ ಅದು ಮಿತಿಯನ್ನು ಎಷ್ಟೋ ಪಟ್ಟು ದಾಟಿರುತ್ತದೆ. ಸೀಸ, ಕ್ಯಾಡ್ಮಿಯಂ ಆ ಸುಳಿವನ್ನೂ ಕೊಡುವುದಿಲ್ಲ.

ಮಾಡಬೇಕಾದ್ದು

ವಿಷದ ಹೆಸರು ಹಿಡಿದು ಪರೀಕ್ಷೆ ಕೇಳಿ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. “ನೀರು ಕುಡಿಯಲು ಯೋಗ್ಯವೇ ನೋಡಿ” ಎಂದು ಬಾಟಲಿ ಕೊಟ್ಟು ಬಂದರೆ ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಬ್ಯಾಕ್ಟೀರಿಯಾ ಇಷ್ಟನ್ನು ನೋಡಿ “ಯೋಗ್ಯ” ಎಂದು ಬರೆದುಕೊಟ್ಟಾರು. ಹುಡುಕದ ವಿಷ ಯಾವ ವರದಿಯಲ್ಲೂ ಕಾಣಿಸುವುದಿಲ್ಲ.

ಯಾವ ಹೆಸರು ಕೇಳಬೇಕು ಎಂಬುದಕ್ಕೆ ಸುತ್ತಲಿನ ಶೆಡ್‌ಗಳನ್ನು ನೋಡಿ. ಪ್ಲೇಟಿಂಗ್ ಇದ್ದರೆ ಕ್ರೋಮಿಯಂ, ನಿಕ್ಕಲ್, ಸಯನೈಡ್. ಹಳೆ ಬ್ಯಾಟರಿ ಕರಗಿಸುತ್ತಿದ್ದರೆ ಸೀಸ. ಚರ್ಮ ಹದ ಮಾಡುವಲ್ಲಿ ಕ್ರೋಮಿಯಂ. ಔಷಧ, ರಾಸಾಯನಿಕ ಕಾರ್ಖಾನೆ ಇದ್ದರೆ ಸಾಲ್ವೆಂಟ್‌ಗಳು. ಮುಚ್ಚಿಹೋದ ಕಾರ್ಖಾನೆಯನ್ನೂ ಪಟ್ಟಿಗೆ ಸೇರಿಸಿ. ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮೇಟ್ ಕಾರ್ಖಾನೆ 1990ರ ದಶಕದಲ್ಲೇ ಬಾಗಿಲು ಹಾಕಿತು. ಅದು ಬಿಟ್ಟುಹೋದ ತ್ಯಾಜ್ಯದ ಗುಡ್ಡೆ ಆಮೇಲೂ ವರ್ಷಗಟ್ಟಲೆ ನೆಲದೊಳಗೆ ಇಳಿಯುತ್ತಲೇ ಇತ್ತು.

ಲ್ಯಾಬಿಗೆ ರಾಷ್ಟ್ರೀಯ ಮಾನ್ಯತಾ ಸಂಸ್ಥೆ ಎನ್‌ಎಬಿಎಲ್‌ನ ಮಾನ್ಯತೆ ಇದೆಯೇ, ಇದ್ದರೆ ನೀವು ಕೇಳುವ ಲೋಹಕ್ಕೂ ಇದೆಯೇ ವಿಚಾರಿಸಿ. ಎಷ್ಟು ಕಡಿಮೆ ಪ್ರಮಾಣದವರೆಗೆ ಅಳೆಯಬಲ್ಲರು ಎಂದೂ ಕೇಳಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಒಂದು ಲೀಟರಿನಲ್ಲಿ ಕ್ಯಾಡ್ಮಿಯಂ 0.003 ಮಿಲಿಗ್ರಾಂ, ಸೀಸ 0.01, ನಿಕ್ಕಲ್ 0.02, ಕ್ರೋಮಿಯಂ 0.05 ದಾಟಬಾರದು. 0.01ಕ್ಕಿಂತ ಕಡಿಮೆ ಅಳೆಯಲಾರದ ಲ್ಯಾಬು ಕ್ಯಾಡ್ಮಿಯಂ “ಪತ್ತೆಯಾಗಿಲ್ಲ” ಎಂದು ಬರೆದರೆ ಆ ಕಾಗದವನ್ನು ನಂಬಿ ಮಕ್ಕಳಿಗೆ ನೀರು ಕುಡಿಸಬೇಡಿ.

ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ. ಲೋಹದ ಪರೀಕ್ಷೆಯ ಬಾಟಲಿಯಲ್ಲಿ ಮೊದಲೇ ನೈಟ್ರಿಕ್ ಆಮ್ಲ ಹಾಕಿರಬಹುದು. ಅದನ್ನು ತೊಳೆಯಬಾರದು, ತುಂಬಿ ಚೆಲ್ಲಿಸಬಾರದು, ಕೈಗೆ ತಾಗಿಸಿಕೊಳ್ಳಬಾರದು. ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಆಮ್ಲವಿಲ್ಲದ ಬೇರೆ ಬಾಟಲಿ ಬೇಕು, ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷೆಯಾಗಬೇಕು. ಸಾಲ್ವೆಂಟ್‌ಗಳು ಗಾಳಿಗೆ ಹಾರಿಹೋಗುತ್ತವೆ. ಗಾಜಿನ ಸೀಸೆಯನ್ನು ಒಂದು ಗುಳ್ಳೆಯೂ ಉಳಿಯದಂತೆ ಬಾಯಿಮಟ್ಟ ತುಂಬಿ ಮುಚ್ಚಿ.

ಬೋರಿನ ನೀರು ಹಿಡಿಯುವುದಾದರೆ ಟ್ಯಾಂಕಿಗೆ ಹೋಗುವ ಮುಂಚೆ, ಪೈಪಿನಲ್ಲಿ ನಿಂತ ನೀರೆಲ್ಲ ಹೊರಗೆ ಹೋದ ಮೇಲೆ ಹಿಡಿಯಿರಿ. ಮನೆಯ ನಲ್ಲಿಯಲ್ಲಿ ಸೀಸ ನೋಡುವಾಗ ಇದಕ್ಕೆ ತದ್ವಿರುದ್ಧ: ರಾತ್ರಿಯೆಲ್ಲ ಪೈಪಿನಲ್ಲಿ ನಿಂತಿದ್ದ ನೀರಿನ ಮೊದಲ ಧಾರೆಯೇ ಬೇಕು, ಏಕೆಂದರೆ ಆ ಸೀಸ ಪೈಪು, ನಲ್ಲಿಗಳಿಂದ ಬರುವಂಥದ್ದು. ಅಮೆರಿಕದ ಫ್ಲಿಂಟ್ ನಗರದಲ್ಲಿ 2014ರ ನಂತರ ಸೀಸ ಹೆಚ್ಚಾದಾಗ, ಮಾದರಿಗೆ ಮುಂಚೆ ನಲ್ಲಿ ಹರಿಯಬಿಡಿ ಎಂದು ಜನರಿಗೆ ಹೇಳಲಾಗಿತ್ತು. ಹಾಗೆ ಮಾಡಿದರೆ ಅಂಕಿ ಇಳಿಯುತ್ತದೆ, ಮನೆಯವರು ಬೆಳಗ್ಗೆ ಕುಡಿಯುವ ಸೀಸ ಇಳಿಯುವುದಿಲ್ಲ.

ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ ಎಂಬ ಪದ್ಧತಿಯಿದೆ. ಕಾರ್ಖಾನೆ ಪಕ್ಕದ ಊರಿಗೆ ಅದು ಸಾಲದು. ಬೇಸಿಗೆಯಲ್ಲಿ ಒಮ್ಮೆ, ಮಳೆ ಬಿದ್ದ ಮೇಲೆ ಇನ್ನೊಮ್ಮೆ ಮಾಡಿಸಲೇಬೇಕು.

ಮಾಡಬಾರದ್ದು

ಟಿಡಿಎಸ್ ಮೀಟರ್ ಅದ್ದಿ ತೀರ್ಮಾನ ಕೊಡಬೇಡಿ. ಅದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜು ಕೊಡುತ್ತದೆ. 300 ತೋರಿಸುವ ನೀರಿನಲ್ಲೂ ಮಿತಿಗಿಂತ ಹತ್ತು ಪಟ್ಟು ಸೀಸ ಇರಬಹುದು.

ಜಲಜೀವನ್ ಮಿಷನ್ನಿನಲ್ಲಿ ಊರಿಗೆ ಐವರು ಹೆಣ್ಣುಮಕ್ಕಳಿಗೆ ಊರಲ್ಲೇ ನೀರು ಪರೀಕ್ಷಿಸುವ ಎಫ್‌ಟಿಕೆ ಕಿಟ್ ಬಳಸುವ ತರಬೇತಿ ಕೊಡುತ್ತಾರೆ. ಒಳ್ಳೆಯ ಕೆಲಸ, ನಿಲ್ಲಿಸಬೇಡಿ. ಆದರೆ ಸೀಸ, ಕ್ಯಾಡ್ಮಿಯಂಗಳಿಗೆ ಆ ಕಿಟ್ಟನ್ನು ನೆಚ್ಚಬೇಡಿ.

ಖರ್ಚು ಉಳಿಸಲು ಐದು ಬೋರಿನ ನೀರನ್ನು ಒಂದೇ ಬಾಟಲಿಯಲ್ಲಿ ಬೆರೆಸಬೇಡಿ. ಒಂದರಲ್ಲಿ ಕ್ರೋಮಿಯಂ 0.15 ಇದ್ದು ಉಳಿದ ನಾಲ್ಕು ಚೊಕ್ಕಟವಾಗಿದ್ದರೆ ಬೆರಕೆ ನೀರಿನಲ್ಲಿ ಬರುವುದು 0.03. ವರದಿ ಪಾಸು, ಆ ಒಂದು ಬೋರನ್ನು ನೆಚ್ಚಿಕೊಂಡ ಕೇರಿಗೆ ವಿಷ. ಹಾಗೆ ಮಾಡಲು ಯಾರೇ ಹೇಳಿದರೂ ಒಪ್ಪಬೇಡಿ.

ಕುದಿಸಿದರೆ ಸರಿಹೋಗುತ್ತದೆ ಎಂದು ಮನೆಯವರಿಗೆ ಹೇಳಬೇಡಿ. ಕುದಿಸಿದಾಗ ನೀರು ಆವಿಯಾಗಿ ಲೋಹ ಉಳಿಯುತ್ತದೆ, ಇನ್ನಷ್ಟು ಗಾಢವಾಗುತ್ತದೆ. ಬ್ಲೀಚಿಂಗ್ ಪೌಡರ್ ಕೂಡ ಲೋಹವನ್ನು ತೆಗೆಯುವುದಿಲ್ಲ.

ಕಾರ್ಖಾನೆಯ ಮೋರಿಯಿಂದ ನೀವೇ ನೀರು ಹಿಡಿದು ಅದನ್ನೇ ನ್ಯಾಯಾಲಯದ ಸಾಕ್ಷಿ ಎಂದುಕೊಳ್ಳಬೇಡಿ. 1974ರ ಜಲ ಕಾಯ್ದೆಯ 21ನೇ ಕಲಮಿನಂತೆ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ನೋಟಿಸು ಕೊಟ್ಟು, ಮಾದರಿ ಎತ್ತಿ, ಎರಡು ಪಾಲು ಮಾಡಿ ಮೊಹರು ಹಾಕಬೇಕು. ನಿಮ್ಮ ಬೋರಿನ ವರದಿಯನ್ನು ಲಗತ್ತಿಸಿ ಮಂಡಳಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ.

ಕೆಟ್ಟ ವರದಿಯನ್ನು ಬೀರುವಿನಲ್ಲಿ ಇಡಬೇಡಿ. ಪಂಚಾಯಿತಿ ಬೋರ್ಡಿಗೆ ಅಂಟಿಸಿ, ಗ್ರಾಮಸಭೆಯಲ್ಲಿ ಅಂಕಿ ಸಮೇತ ಓದಿ. ಎರಡನೇ ವರದಿ ಬರಲಿ ಎಂದು ಕಾಯದೆ ಆ ಬೋರನ್ನು ಅಂದೇ ಕುಡಿಯುವ ನೀರಿನ ಲೈನಿನಿಂದ ಕಡಿಯಿರಿ, ಕೈಪಂಪಾದರೆ ಕೆಂಪು ಬಣ್ಣ ಬಳಿಯಿರಿ. ಬದಲಿಗೆ ಟ್ಯಾಂಕರ್ ತರಿಸುವಾಗ ಅದು ಎಲ್ಲಿ ತುಂಬಿಕೊಂಡು ಬಂತು ಎಂದು ಡ್ರೈವರನ್ನು ಕೇಳಿ. ಅದೇ ಕೈಗಾರಿಕಾ ಪ್ರದೇಶದ ಬೋರಾಗಿದ್ದರೆ ಒಂದು ಕೊಡವನ್ನೂ ಇಳಿಸಿಕೊಳ್ಳಬೇಡಿ.