ಬಾಣ ಬರೆಯುವ ಮುನ್ನ ಕೇಳಬೇಕಾದ ಪ್ರಶ್ನೆ

ಪ್ರೀತಿಯ ಮಗುವೆ,

ಪಿಯುಸಿ ಮೊದಲ ವರ್ಷಕ್ಕೆ ವಿಜ್ಞಾನ ತೆಗೆದುಕೊಂಡಿದ್ದೀಯ. ಅಳತೆಗಳ ಪಾಠ ಮುಗಿಸಿ, ಸರಳರೇಖೆಯ ಚಲನೆ ದಾಟಿ, ಈಗ ನ್ಯೂಟನ್ನನ ನಿಯಮಗಳ ಹೊಸ್ತಿಲಲ್ಲಿ ನಿಂತಿರುತ್ತೀಯ. ಬಹಳ ಮಕ್ಕಳು ಎದೆಗುಂದುವುದು ಇಲ್ಲೇ. ಮೂರೂ ನಿಯಮಗಳು ಬಾಯಿಪಾಠ ಬರುತ್ತವೆ; ಲೆಕ್ಕ ಎದುರಾದರೆ ಕೈ ಓಡುವುದಿಲ್ಲ. ‘ನನಗೆ ಫಿಸಿಕ್ಸ್ ಹತ್ತುವುದಿಲ್ಲ’ ಎಂದು ತಮ್ಮ ಮೇಲೆ ತಾವೇ ಷರಾ ಬರೆದುಕೊಂಡುಬಿಡುತ್ತಾರೆ. ಈ ಪಾಠವನ್ನೇ ವರ್ಷಗಟ್ಟಲೆ ಮಾಡಿಕೊಂಡು ಬಂದವನಾಗಿ ಹೇಳುತ್ತೇನೆ, ನಿನ್ನ ಬುದ್ಧಿಗೆ ಏನೂ ಕೊರತೆಯಿಲ್ಲ. ಬಲದ ಬಗ್ಗೆ ಏನೂ ಗೊತ್ತಿಲ್ಲದೆ ನೀನು ತರಗತಿಗೆ ಬಂದಿದ್ದರೆ ಕೆಲಸ ಸುಲಭವಿತ್ತು. ಆದರೆ ಅಂಬೆಗಾಲಿಟ್ಟ ದಿನದಿಂದ ತಳ್ಳಿ, ಎಳೆದು, ಎತ್ತಿ, ನಿನ್ನದೇ ಒಂದು ಸಿದ್ಧಾಂತ ಕಟ್ಟಿಕೊಂಡು ಬಂದಿದ್ದೀಯ. ಅದು ಮೇಷ್ಟ್ರ ಪಾಠದ ಜೊತೆ ಒಳಗೊಳಗೇ ಜಗಳವಾಡುತ್ತಿದೆ.

ಆ ಸಿದ್ಧಾಂತ ಯಾವುದೆಂದು ನೋಡೋಣ. ಚೆಂಡೊಂದನ್ನು ನೆಟ್ಟಗೆ ಮೇಲಕ್ಕೆ ಎಸೆ. ಅದು ಕೈಬಿಟ್ಟು ಇನ್ನೂ ಏರುತ್ತಿರುವಾಗ ಅದರ ಮೇಲೆ ಯಾವ ಯಾವ ಬಲಗಳಿವೆ? ಗಾಳಿಯ ಅಡ್ಡಿಯನ್ನು ಸದ್ಯ ಮರೆತುಬಿಡು. ತರಗತಿಯಲ್ಲಿ ಹೆಚ್ಚಿನವರು ಕೆಳಕ್ಕೊಂದು ಬಾಣ, ಮೇಲಕ್ಕೊಂದು ಬಾಣ ಬರೆಯುತ್ತಾರೆ. ಕೆಳಗಿನದು ಭೂಮಿಯ ಸೆಳೆತ, ಸರಿ. ಮೇಲಿನದು ಯಾವುದು ಎಂದರೆ ‘ಎಸೆದ ಬಲ’ ಎನ್ನುತ್ತಾರೆ. ಎಸೆದ ಕೈ ಕೆಳಗೇ ಉಳಿಯಿತಲ್ಲ, ಚೆಂಡನ್ನು ಮುಟ್ಟುತ್ತಲೇ ಇಲ್ಲವಲ್ಲ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಚಲಿಸುತ್ತಿದೆ ಎಂದರೆ ಯಾವುದೋ ಬಲ ತಳ್ಳುತ್ತಿರಲೇಬೇಕು’ ಎಂಬುದೇ ನಾನು ಹೇಳಿದ ಆ ಹಳೆಯ ಸಿದ್ಧಾಂತ.

ಇದಕ್ಕಾಗಿ ನಾಚಬೇಡ. ಅರಿಸ್ಟಾಟಲ್ ಹಾಗೆಯೇ ಯೋಚಿಸಿದ್ದ. 14ನೇ ಶತಮಾನದ ಪ್ಯಾರಿಸ್ಸಿನಲ್ಲಿ ಬುರಿಡಾನ್ ಎಂಬ ಪಂಡಿತ, ಎಸೆದ ವಸ್ತುವಿನೊಳಗೆ ಎಸೆದವನು ಒಂದು ಚಾಲಕಶಕ್ತಿಯನ್ನು ತುಂಬುತ್ತಾನೆ, ಅದು ಇರುವಷ್ಟು ಹೊತ್ತು ವಸ್ತು ಸಾಗುತ್ತದೆ ಎಂದ. ನಮ್ಮ ವೈಶೇಷಿಕ ಸೂತ್ರಗಳು ಬಿಲ್ಲಿನಿಂದ ಹೊರಟ ಅಂಬಿನ ಬಗ್ಗೆ ಹೇಳುವುದೂ ಇದಕ್ಕೆ ಹತ್ತಿರವಾದ ಮಾತನ್ನೇ: ಮೊದಲ ಚಲನೆ ತಳ್ಳುವಿಕೆಯಿಂದ, ಮುಂದಿನ ಚಲನೆ ಅಂಬಿನಲ್ಲಿ ಉಂಟಾದ ಸಂಸ್ಕಾರದಿಂದ; ಸಂಸ್ಕಾರ ತೀರಿದಾಗ ಗುರುತ್ವದಿಂದ ಬೀಳುತ್ತದೆ. ನ್ಯೂಟನ್ನನಿಗಿಂತ ಮೊದಲೇ ಈ ಸೂತ್ರಗಳ ಕರ್ತೃ ಕಣಾದ ಮೂರು ನಿಯಮಗಳನ್ನು ಹೇಳಿದ್ದ ಎಂಬ ವಾಟ್ಸ್‌ಆಪ್ ಸಂದೇಶ ನಿನಗೂ ಬಂದಿರಬಹುದು. ಅದನ್ನು ನಂಬಬೇಡ, ಕಣಾದನನ್ನು ಹಗುರವಾಗಿಯೂ ಕಾಣಬೇಡ. ಅಂಬು ಯಾಕೆ ಹಾರುತ್ತದೆ, ಯಾಕೆ ಬೀಳುತ್ತದೆ ಎಂದು ಅಷ್ಟು ಹಿಂದೆಯೇ ಕೇಳಿದ್ದು ದೊಡ್ಡದು. ಉತ್ತರ ಬೇರೆ ದಾರಿ ಹಿಡಿದದ್ದು ಆಮೇಲೆ. ಇಳಿಜಾರಿನಲ್ಲಿ ಗುಂಡು ಉರುಳಿಸಿ ಅಳೆದ ಗೆಲಿಲಿಯೊ, ಅಡ್ಡಿಯೇ ಇಲ್ಲದ ಸಮತಟ್ಟಿನಲ್ಲಿ ಗುಂಡು ನಿಲ್ಲಲು ಕಾರಣವೇ ಇಲ್ಲ ಎಂದು 1638ರ ತನ್ನ ಪುಸ್ತಕದಲ್ಲಿ ವಾದಿಸಿದ. 1687ರಲ್ಲಿ ನ್ಯೂಟನ್ ‘ಪ್ರಿನ್ಸಿಪಿಯಾ’ದಲ್ಲಿ ಅದನ್ನು ಮೊದಲ ನಿಯಮವಾಗಿ ನಿಲ್ಲಿಸಿದ. ಚಲನೆ ಮುಂದುವರಿಯಲು ಬಲ ಬೇಡ, ಬದಲಾಗಲು ಬೇಕು. ಜಗತ್ತಿನ ಬುದ್ಧಿವಂತರು ಎರಡು ಸಾವಿರ ವರ್ಷ ತೆಗೆದುಕೊಂಡ ತಿರುವು ಇದು. ನಿನಗೆ ಎರಡು ವಾರ ಹಿಡಿದರೆ ತಪ್ಪೇನು?

ಈಗ ನನ್ನ ಬುದ್ಧಿಮಾತು, ಇರುವುದು ಒಂದೇ. ಚಿತ್ರದಲ್ಲಿ ಬಲದ ಬಾಣ ಬರೆಯುವ ಮುನ್ನ ‘ಯಾರು, ಯಾರ ಮೇಲೆ?’ ಎಂದು ಕೇಳು. ಬಲವೆಂಬುದು ಸಾಲದಂತೆ. ಕೊಟ್ಟವರಿಲ್ಲದೆ ಸಾಲವಿಲ್ಲ, ಪಡೆದವರಿಲ್ಲದೆಯೂ ಇಲ್ಲ. ಕೊಟ್ಟವರ ಹೆಸರು ಹೇಳಲಾಗದ ಬಾಣವನ್ನು ಅಳಿಸಿಬಿಡು. ಏರುತ್ತಿರುವ ಚೆಂಡಿನ ಮೇಲೆ ಉಳಿಯುವುದು ಭೂಮಿ ಕೊಟ್ಟ ಒಂದೇ ಬಾಣ. ತುತ್ತತುದಿಯಲ್ಲಿ ಚೆಂಡಿನ ವೇಗ ಸೊನ್ನೆಯಾದ ಕ್ಷಣದಲ್ಲೂ ಆ ಬಾಣ ಹಾಗೇ ಇದೆ. ವೇಗೋತ್ಕರ್ಷ ಆಗಲೂ ಕೆಳಮುಖವಾಗಿ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್.

ಈ ಪ್ರಶ್ನೆಯನ್ನು ಹಿಡಿದು ಬಸ್ಸು ಹತ್ತು. ನೇರ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರಿನ ಒಂದೇ ವೇಗದಲ್ಲಿ ಹೋಗುತ್ತಿರುವ ಬಸ್ಸಿನ ಮೇಲಿನ ಒಟ್ಟು ಬಲ ಎಷ್ಟು? ಸೊನ್ನೆ. ಚಕ್ರ ಹಿಂದಕ್ಕೆ ಒತ್ತಿದ ರಸ್ತೆ ಬಸ್ಸನ್ನು ಮುಂದಕ್ಕೆ ತಳ್ಳುತ್ತಿದೆ; ಗಾಳಿ ಮತ್ತು ಇತರ ತಡೆಗಳು ಅಷ್ಟೇ ಬಲದಿಂದ ಹಿಂದಕ್ಕೆ ತಳ್ಳುತ್ತಿವೆ. ಚಾಲಕ ಬ್ರೇಕ್ ಒತ್ತಿದಾಗ ನೀನು ಮುಂದಕ್ಕೆ ವಾಲುತ್ತೀಯ. ಹಿಂದಿನಿಂದ ನೂಕಿದವರು ಯಾರು? ಯಾರೂ ಇಲ್ಲ. ಬಸ್ಸು ನಿಧಾನವಾಯಿತು, ನಿನ್ನ ಮೈ ಹಳೆಯ ವೇಗದಲ್ಲೇ ಸಾಗಿತು, ಅಷ್ಟೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಿಟಕಿಯ ಕಡೆಗೆ ಜಾರಿದಾಗಲೂ ನಿನ್ನನ್ನು ಹೊರಕ್ಕೆ ತಳ್ಳಿದವರಿಲ್ಲ. ನೀನು ನೆಟ್ಟಗೆ ಹೋಗಲು ನೋಡಿದೆ, ಕಿಟಕಿಯ ಪಕ್ಕದ ತಗಡು ನಿನ್ನನ್ನು ಒಳಕ್ಕೆ ತಳ್ಳಿ ಬಸ್ಸಿನ ಜೊತೆ ತಿರುಗಿಸಿತು. ಪುಸ್ತಕದಲ್ಲಿ ಕಾಣುವ ಕೇಂದ್ರಾಪಗಾಮಿ ಬಲ, ಬಸ್ಸಿನೊಂದಿಗೇ ತಿರುಗುತ್ತಾ ಲೆಕ್ಕ ಮಾಡುವವರು ಅನುಕೂಲಕ್ಕೆ ಹಾಕಿಕೊಳ್ಳುವ ಬಾಣ. ರಸ್ತೆಬದಿಯಲ್ಲಿ ನಿಂತು ನೋಡುವವನ ಚಿತ್ರದಲ್ಲಿ ಅದಕ್ಕೆ ಜಾಗವಿಲ್ಲ.

ಮೂರನೆಯ ನಿಯಮ ಹೇಳುವುದಕ್ಕೆ ಸುಲಭ, ಕೆಡಿಸಿಕೊಳ್ಳುವುದಕ್ಕೂ ಸುಲಭ. ಎತ್ತು ಗಾಡಿಯನ್ನು ಎಳೆದಷ್ಟೇ ಬಲದಿಂದ ಗಾಡಿ ಎತ್ತನ್ನು ಹಿಂದಕ್ಕೆ ಎಳೆಯುತ್ತದೆ ಎಂದ ಮೇಲೆ ಗಾಡಿ ಹೊರಡುವುದಾದರೂ ಹೇಗೆ? ‘ಯಾರ ಮೇಲೆ?’ ಎಂದು ಕೇಳಿದರೆ ಗಂಟು ಬಿಚ್ಚುತ್ತದೆ. ಗಾಡಿಯನ್ನು ಮಾತ್ರ ನೋಡು: ಮುಂದಕ್ಕೆ ಎತ್ತಿನ ಎಳೆತ, ಹಿಂದಕ್ಕೆ ನೆಲದ ಘರ್ಷಣೆ. ಮೊದಲನೆಯದು ಹೆಚ್ಚಾದರೆ ಗಾಡಿ ಹೊರಟಿತು. ಎತ್ತನ್ನು ಮಾತ್ರ ನೋಡು: ಗೊರಸು ಹಿಂದಕ್ಕೆ ಒತ್ತಿದ ನೆಲ ಅದನ್ನು ಮುಂದಕ್ಕೆ ತಳ್ಳುತ್ತದೆ, ಗಾಡಿ ಹಿಂದಕ್ಕೆ ಎಳೆಯುತ್ತದೆ. ಕ್ರಿಯೆ ಒಂದು ವಸ್ತುವಿನ ಮೇಲೆ, ಪ್ರತಿಕ್ರಿಯೆ ಇನ್ನೊಂದರ ಮೇಲೆ; ಅವು ಪರಸ್ಪರ ವಜಾ ಆಗುವುದಿಲ್ಲ. ಮೇಜಿನ ಮೇಲಿನ ಪುಸ್ತಕದ ತೂಕಕ್ಕೆ ಮೇಜಿನ ಒತ್ತು ಪ್ರತಿಕ್ರಿಯೆ ಎಂದು ಬರೆಯುವ ತಪ್ಪು ಎಲ್ಲ ಕಡೆ ಇದೆ. ಪುಸ್ತಕವನ್ನು ಭೂಮಿ ಸೆಳೆಯುವುದಕ್ಕೆ ಜೋಡಿ, ಭೂಮಿಯನ್ನು ಪುಸ್ತಕ ಸೆಳೆಯುವುದು. ಮೇಜಿನ ಒತ್ತಿಗೆ ಜೋಡಿ, ಪುಸ್ತಕ ಮೇಜನ್ನು ಒತ್ತುವುದು.

ಇನ್ನು ದ್ರವ್ಯರಾಶಿ ಮತ್ತು ತೂಕ. ಅಂಗಡಿಯಲ್ಲಿ ಎರಡೂ ಒಂದೇ ಆಗಿ ನಡೆಯುತ್ತದೆ, ಪರೀಕ್ಷೆಯಲ್ಲಿ ನಡೆಯುವುದಿಲ್ಲ. 5 ಕಿಲೋ ಅಕ್ಕಿಯ ಚೀಲವನ್ನು ಭೂಮಿ 49 ನ್ಯೂಟನ್ ಬಲದಿಂದ ಸೆಳೆಯುತ್ತದೆ, ಚಂದ್ರ ಸುಮಾರು 8 ನ್ಯೂಟನ್ನಿನಿಂದ. ಚೀಲವನ್ನು ಎತ್ತಿ ಹಿಡಿಯುವುದು ಚಂದ್ರನಲ್ಲಿ ಸುಲಭ. ಆದರೆ ಜಾರುವ ನೆಲದ ಮೇಲಿಟ್ಟು ಅಡ್ಡಕ್ಕೆ ತಳ್ಳಿ ಅದೇ ವೇಗೋತ್ಕರ್ಷ ಕೊಡಬೇಕೆಂದರೆ ಎರಡೂ ಕಡೆ ಅಷ್ಟೇ ಬಲ ಬೇಕು. ವೇಗ ಬದಲಿಸಿಕೊಳ್ಳಲು ಒಪ್ಪದ ಚೀಲದ ಆ ಹಟಕ್ಕೇ ದ್ರವ್ಯರಾಶಿ ಎಂದು ಹೆಸರು. ಅಂತರಿಕ್ಷ ನಿಲ್ದಾಣದಲ್ಲಿ ಗುರುತ್ವವೇ ಇಲ್ಲ ಎಂದು ನಂಬಿದ್ದರೆ ಬಿಟ್ಟುಬಿಡು. ಸುಮಾರು 400 ಕಿಲೋಮೀಟರ್ ಎತ್ತರದಲ್ಲೂ ಭೂಮಿಯ ಸೆಳೆತ ನೆಲದ ಮೇಲಿನದರ ಹತ್ತಿರಹತ್ತಿರ ಶೇ. 90ರಷ್ಟಿದೆ. 2025ರಲ್ಲಿ ಅಲ್ಲಿದ್ದ ಗಗನಯಾತ್ರಿ ಶುಭಾಂಶು ಶುಕ್ಲಾ ತೇಲಿದ್ದು, ಅವರೂ ನಿಲ್ದಾಣವೂ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಿದ್ದುದರಿಂದ. ಕಾಲಡಿಯ ನೆಲ ಅವರನ್ನು ಒತ್ತುತ್ತಿರಲಿಲ್ಲ. ಅಲ್ಲಿ ತಕ್ಕಡಿ ಕೆಲಸಕ್ಕೆ ಬಾರದು. 1973ರ ಸ್ಕೈಲ್ಯಾಬ್ ನಿಲ್ದಾಣದಲ್ಲಿ ಗಗನಯಾತ್ರಿಗಳು ಸ್ಪ್ರಿಂಗಿಗೆ ಜೋಡಿಸಿದ ಆಸನದಲ್ಲಿ ಕೂತು ಅತ್ತಿತ್ತ ಆಡಿ, ಒಂದು ಆಂದೋಲನಕ್ಕೆ ಹಿಡಿಯುವ ಸಮಯದಿಂದ ತಮ್ಮ ದ್ರವ್ಯರಾಶಿ ಕಂಡುಕೊಂಡರು.

10 ಕಿಲೋ ಗುಂಡು 1 ಕಿಲೋ ಗುಂಡಿಗಿಂತ ಬೇಗ ಬೀಳದಿರಲು ಕಾರಣವೂ ಇಲ್ಲೇ ಇದೆ. ಅದರ ಮೇಲಿನ ಸೆಳೆತ ಹತ್ತು ಪಟ್ಟು, ಅದರ ಹಟವೂ ಹತ್ತು ಪಟ್ಟು. ಭಾಗಿಸಿದರೆ ಅದೇ 9.8. ಅಪೊಲೊ 15ರ ಡೇವಿಡ್ ಸ್ಕಾಟ್ 1971ರ ಆಗಸ್ಟ್‌ನಲ್ಲಿ ಗಾಳಿಯಿಲ್ಲದ ಚಂದ್ರನ ಮೇಲೆ ಸುತ್ತಿಗೆಯನ್ನೂ ಗಿಡುಗದ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಆ ವಿಡಿಯೊ ಸಿಗುತ್ತದೆ, ನೋಡು.

ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಇಷ್ಟೆಲ್ಲ ಯೋಚಿಸಲು ಪುರಸೊತ್ತೆಲ್ಲಿ ಎಂದು ನೀನು ಕೇಳುವುದು ನ್ಯಾಯವೇ. ಅಭ್ಯಾಸ ಮಾಡುವಾಗ ನಿಧಾನಿಸಿದವರಿಗೇ ಅಲ್ಲಿ ವೇಗ ಬರುತ್ತದೆ. ಸೂತ್ರಕ್ಕೆ ಅಂಕಿ ತುಂಬುವುದರಲ್ಲಿ ಪಳಗಿದವರೂ ಅರ್ಥದಲ್ಲಿ ಎಡವಬಹುದು. ಅಮೆರಿಕದಲ್ಲಿ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು 1992ರಲ್ಲಿ ಅಂಕಿಸಂಖ್ಯೆಯ ಲೆಕ್ಕವೇ ಇಲ್ಲದ, ಬಲದ ಬಗೆಗಿನ ಸರಳ ಪ್ರಶ್ನೆಗಳ ಪತ್ರಿಕೆಯೊಂದನ್ನು ಪ್ರಕಟಿಸಿದರು. ಲೆಕ್ಕ ಚೆನ್ನಾಗಿ ಬಿಡಿಸುತ್ತಿದ್ದ ಕಾಲೇಜು ವಿದ್ಯಾರ್ಥಿಗಳೂ ಅದರಲ್ಲಿ ತಡವರಿಸಿದರು. ಆದ್ದರಿಂದ ದಿನಕ್ಕೆ ಇಪ್ಪತ್ತು ಲೆಕ್ಕ ಓಡಿಸುವ ಬದಲು ಮೂರನ್ನು ಪೂರ್ತಿ ಮಾಡು. ಒಂದು ವಸ್ತುವನ್ನು ಆರಿಸಿ ದೊಡ್ಡದಾಗಿ ಚಿತ್ರ ಬರೆ. ಉತ್ತರ ಹೆಚ್ಚೋ ಕಡಿಮೆಯೋ ಎಂದು ಮೊದಲೇ ಊಹಿಸು: ಲಿಫ್ಟ್ ಸೆಕೆಂಡಿಗೆ ಸೆಕೆಂಡಿಗೆ 2 ಮೀಟರ್ ವೇಗೋತ್ಕರ್ಷದಲ್ಲಿ ಮೇಲಕ್ಕೆ ಹೊರಟಾಗ ಆ ಅಕ್ಕಿ ಚೀಲವನ್ನು ನೆಲ 49 ನ್ಯೂಟನ್ನಿಗಿಂತ ಹೆಚ್ಚು ಒತ್ತಬೇಕು ತಾನೆ? ಲೆಕ್ಕ 59 ಎನ್ನುತ್ತದೆ. ಗಂಟೆಗೆ 72 ಕಿಲೋಮೀಟರನ್ನು ಸೆಕೆಂಡಿಗೆ 20 ಮೀಟರ್ ಮಾಡಿಕೊಂಡೇ ಮುಂದೆ ಹೋಗು. ಪುಸ್ತಕ ಇಂಗ್ಲಿಷಿನಲ್ಲಿದ್ದರೆ ಇರಲಿ, ‘ಯಾರು ಯಾರನ್ನು ತಳ್ಳುತ್ತಿದ್ದಾರೆ’ ಎಂಬುದನ್ನು ಕನ್ನಡದಲ್ಲೇ ನಿನಗೆ ನೀನೇ ಗಟ್ಟಿಯಾಗಿ ಹೇಳಿಕೋ.

ಹೀಗೆ ಮಾಡಿದ ಮೇಲೂ ಒಂದು ಬಾಣಕ್ಕೆ ಒಡೆಯ ಸಿಗದಿದ್ದರೆ ಸುಮ್ಮನೆ ಕೂರಬೇಡ. ನಾಳೆ ತರಗತಿಯಲ್ಲಿ ಎದ್ದು ನಿಂತು ಕೇಳು. ನಿನ್ನ ಪ್ರಶ್ನೆಗೆ ನಕ್ಕವರಲ್ಲಿ ಅರ್ಧ ಜನರಿಗೆ ಉತ್ತರ ಗೊತ್ತಿರುವುದಿಲ್ಲ.

ಇಂತಿ ನಿನ್ನ ಹಿತೈಷಿ,
ಒಬ್ಬ ನಿವೃತ್ತ ಭೌತಶಾಸ್ತ್ರ ಮೇಷ್ಟ್ರು